ಅಂಗೈಯಗಲದ ಟೇಬಲ್ ರೋಸ್

ಅಪ್ಪ ತೋರಣಗಲ್ಲಿನ ಕಾರ್ಖಾನೆಗೆ ಶಿಫ್ಟಿಗೆ ಹೋಗುತ್ತಿದ್ದ ಕಾಲ. ಹೊಸಪೇಟೆಯ ನಮ್ಮ ಮನೆಯ ಅಂಗಳಕ್ಕೆ ಆಗಿನ್ನೂ ಸಿಮೆಂಟು ಬಿದ್ದಿರಲಿಲ್ಲ. ಕಂಪನಿ ಕಾಲನಿಯಲ್ಲಿ ಟೇಬಲ್ ರೋಸ್ ಎಂಬ ಹೂವು ನೆಲದ ಮೇಲೆ ಚಾಪೆಯ ಹಾಗೆ ಹಬ್ಬಿರುತ್ತದೆ, ಬಿಸಿಲೇರಿದ ಮೇಲೆ ಹತ್ತು ಗಂಟೆಗೆ ಅರಳಿ ಮಧ್ಯಾಹ್ನ ಕಳೆಯುವಷ್ಟರಲ್ಲಿ ಮುದುಡುತ್ತದೆ ಎಂದು ಅಪ್ಪ ಹೇಳಿದ್ದೇ ತಪ್ಪಾಯಿತು. ಐದನೇ ಕ್ಲಾಸಿನ ನನಗೆ ಅದರ ಹುಚ್ಚು ಹಿಡಿಯಿತು. ಕಡ್ಡಿ ಮುರಿದು ಚುಚ್ಚಿದರೆ ಯಾರ ಮನೆಯಲ್ಲಾದರೂ ಬದುಕುವ ಗಿಡ ಅದು. ನಮ್ಮ ಮನೆಯಲ್ಲಿ ಮಾತ್ರ ಅದಕ್ಕೂ ನನಗೂ ಬಂದ ಪಾಡು ಶತ್ರುವಿಗೂ ಬೇಡ.

ಅಪ್ಪ ಊಟದ ಡಬ್ಬಿಯಲ್ಲಿ ಐದು ಕಡ್ಡಿ ತಂದುಕೊಟ್ಟ. ಉಪ್ಪಿನಕಾಯಿಯ ವಾಸನೆ ಹೊಡೆಯುತ್ತಿದ್ದ ಅವನ್ನು ಬಾಗಿಲ ಪಕ್ಕ ಚುಚ್ಚಿದೆ. ಕುಂಟೆಬಿಲ್ಲೆಗೆ ಕರೆದರೂ ಹೋಗದೆ ದಿನಾ ಚೊಂಬಿನಲ್ಲಿ ನೀರು ಹಾಕಿದೆ. ತಿಂಗಳೊಳಗೆ ಮೊರದಗಲ ಹಬ್ಬಿತು. ಮೊಗ್ಗು ಮಾತ್ರ ಇನ್ನೂ ಬಂದಿರಲಿಲ್ಲ.

ಆದರೆ ಮನೆಯಲ್ಲಿ ಅಜ್ಜಿ ಇದ್ದಳು, ಅಪ್ಪನ ತಾಯಿ. ಕಂಪ್ಲಿಯ ಗದ್ದೆಗಳಲ್ಲಿ ಮೂವತ್ತು ವರ್ಷ ಕಳೆ ಕಿತ್ತ ಕೈ ಅವಳದು. ಪಟ್ಟಣಕ್ಕೆ ಬಂದರೂ ಆ ಕೈ ಸುಮ್ಮನಿರುತ್ತಿರಲಿಲ್ಲ. ನೆಲದ ಮೇಲೆ ಹಸಿರು ಕಂಡರೆ ಅವಳಿಗೆ ಎರಡೇ ಲೆಕ್ಕ: ಒಂದೋ ತಿನ್ನುವುದು, ಇಲ್ಲವೇ ಕೀಳುವುದು.

ಒಂದು ದಿನ ಶಾಲೆಯಿಂದ ಬಂದು ನೋಡುತ್ತೇನೆ, ಗಿಡವಿದ್ದ ಜಾಗ ಸಗಣಿಯಿಂದ ಸಾರಿಸಿ ನುಣ್ಣಗಾಗಿದೆ. ಅದರ ಮೇಲೆ ರಂಗೋಲಿ ಬೇರೆ. ಒಳಗಿನಿಂದ ಬೆಳ್ಳುಳ್ಳಿ ಒಗ್ಗರಣೆಯ ಘಮ.

"ಅಜ್ಜಿ, ನನ್ ಗಿಡ ಎಲ್ಲಿ?"

"ಯಾವ ಗಿಡ? ಬಾಗ್ಲಾಗ ಗೋಳಿಪಲ್ಯ ಭಾಳ ಎದ್ದಿತ್ತವ್ವ. ಬ್ಯಾಳಿ ಹಾಕಿ ಮಾಡೀನಿ. ರೊಟ್ಟಿಗೆ ಮಸ್ತ್ ಆಗೇತಿ, ಬಾ ಕುಂದ್ರು."

ಹೂವಿಲ್ಲದಾಗ ಟೇಬಲ್ ರೋಸೂ ಗೋಳಿಸೊಪ್ಪೂ ಅಕ್ಕತಂಗಿಯರ ಹಾಗೆ ಕಾಣುತ್ತವೆ, ಒಪ್ಪುತ್ತೇನೆ. ಆದರೆ ನಾನು ನೀರು ಹಾಕುವುದನ್ನು ಇವಳು ದಿನಾ ಕಣ್ಣಾರೆ ನೋಡಿದ್ದಳಲ್ಲ! ಕೇಳಿದರೆ, "ಪಲ್ಯ ಬೆಳಸ್ತಾಳ, ಹುಡ್ಗಿ ಶಾಣ್ಯಾ ಆಗ್ಯಾಳ ಅನ್ಕಂಡೆ" ಎಂದಳು. ನಾನು ನೆಲಕ್ಕೆ ಬಿದ್ದು ಹೊರಳಾಡಿ ಅತ್ತೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅಪ್ಪ ಎರಡು ರೊಟ್ಟಿ ಮುಗಿಸಿ, "ರುಚಿ ಏನೋ ಐತಿ" ಎಂದ. ಅವತ್ತು ಆ ಮನೆಯಲ್ಲಿ ನನ್ನವರು ಅಂತ ಒಬ್ಬರೂ ಇರಲಿಲ್ಲ.

ಸೊಪ್ಪು ಸೋಸುವಾಗ ಮೊರದಲ್ಲಿ ಒಂದು ಕಡ್ಡಿ ಉಳಿದಿತ್ತು. ಅಜ್ಜಿ ಅದನ್ನು ತಾನೇ ಗೇಟಿನ ಪಕ್ಕ ಚುಚ್ಚಿ, "ನಾ ಹಚ್ಚಿದ್ದು ಎಂದೂ ಒಣಗಿಲ್ಲ, ಸುಮ್ಕಿರು" ಎಂದಳು. ನಿಜಕ್ಕೂ ಹಬ್ಬಿತು. ಒಂದು ಭಾನುವಾರ ಸಂಜೆ ಮೊದಲ ಮೊಗ್ಗಿನ ತುದಿಯಲ್ಲಿ ಬಣ್ಣ ಕಂಡಿತು. ಅಂದರೆ ಸೋಮವಾರ ಹತ್ತಕ್ಕೆ ಅರಳುತ್ತದೆ. ಹತ್ತಕ್ಕೆ ನಾನು ಶಾಲೆಯಲ್ಲಿರಬೇಕು!

"ಅಪ್ಪಾ, ಒಂದಿನ ಸಾಲಿ ಬಿಡ್ತೀನಿ" ಎಂದು ಬೆಳಿಗ್ಗೆ ಗೋಗರೆದೆ.

ಆಗತಾನೇ ಶಿಫ್ಟ್ ಮುಗಿಸಿ ಬಂದಿದ್ದ ಅಪ್ಪ, "ಹೂವಿನ ಸಲುವಾಗಿ ಯಾರಾರ ಸಾಲಿ ಬಿಡ್ತಾರೇನಲೇ? ನಡಿ ಜಲ್ದಿ" ಎಂದು ಗದರಿದ.

"ನೀ ಹೋಗವ್ವ, ನಾ ಕುಂತು ನೋಡ್ತೀನಿ. ನೋಡಿ ಎಲ್ಲಾ ಹೇಳ್ತೀನಿ" ಎಂದಳು ಅಜ್ಜಿ. ಹೇಳುವುದು ಯಾರಿಗೆ ಬೇಕಿತ್ತು? ನನಗೆ ನೋಡಬೇಕಿತ್ತು.

ಸಂಜೆ ಓಡಿ ಬಂದರೆ ಹೂವು ಒದ್ದೆ ಬತ್ತಿಯ ಹಾಗೆ ಮುದುಡಿ ಬಿದ್ದಿತ್ತು. ಅಜ್ಜಿ ಮಾತ್ರ ಅರಳಿಕೊಂಡು ಹೊಸ್ತಿಲಲ್ಲಿ ಕೂತಿದ್ದಳು.

"ಏನ್ ಕೇಳ್ತೀಯವ್ವ! ರಾಣಿ ಬಣ್ಣ, ನಡುವ ಅರಿಷಿಣ. ಇಕಾ, ನನ್ನ ಅಂಗೈಯಷ್ಟು ಅಗಲ ಇತ್ತು. ದಾರ್ಯಾಗ ಹೋಗೋರು ನಿಂತು ನೋಡಿ ಹೋದ್ರು."

ದಾರಿಹೋಕರಿಗೆಲ್ಲ ಕಂಡದ್ದು ಬೆಳೆಸಿದವಳಿಗೆ ಕಾಣಲಿಲ್ಲ ಎಂದು ವಾರವೆಲ್ಲ ಹೊಟ್ಟೆ ಉರಿದುಕೊಂಡೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಏದುಸಿರು ಬಿಡುತ್ತ ಬಂದರೆ ಮೂರು ಹೂವು ಅರಳಿದ್ದವು. ಬಣ್ಣವೇನೋ ರಾಣಿ ಬಣ್ಣವೇ. ಆದರೆ ಒಂದೊಂದೂ ರೂಪಾಯಿ ಬಿಲ್ಲೆಯಷ್ಟು!

"ಸುಳ್ಳು ಹೇಳಿದಿ, ಅಜ್ಜಿ!"

"ನಾ ಯಾಕ ಸುಳ್ಳು ಹೇಳ್ಲಿ? ಮೊದಲ್ನೇದು ಹಂಗ ಇತ್ತು. ನೀ ಇರ್ಲಿಲ್ಲ."

ಅವಳು ಇದ್ದಷ್ಟು ದಿನವೂ ಈ ಜಗಳ ನಡೆಯಿತು, ಒಮ್ಮೆಯೂ ನಾನು ಗೆಲ್ಲಲಿಲ್ಲ.

ಈಗ ಅಂಗಳಕ್ಕೆ ಸಿಮೆಂಟು ಬಿದ್ದಿದೆ. ಮಹಡಿಯಲ್ಲಿ ನರ್ಸರಿಯಿಂದ ತಂದ ಐದು ಬಣ್ಣದ ಟೇಬಲ್ ರೋಸ್ ಇವೆ. ನನ್ನ ಹೊಲಿಗೆ ಮಷೀನು ಅಲ್ಲೇ ಬಾಗಿಲಲ್ಲಿದೆ. ಹತ್ತು ಗಂಟೆಗೆ ಕಣ್ಣೆದುರೇ ಅರಳುತ್ತವೆ. ಕೀಳುವವರಿಲ್ಲ, ಬೇಳೆಗೆ ಹಾಕುವವರೂ ಇಲ್ಲ. ಅಳತೆಯ ಟೇಪು ಹೇಗೂ ಕೊರಳಲ್ಲೇ ಇರುತ್ತದೆ, ಹಿಡಿದು ನೋಡಿದ್ದೂ ಆಯಿತು. ಎರಡಿಂಚು ದಾಟಿದ್ದು ಒಂದೂ ಇಲ್ಲ. ಜಗಳ ಮುಂದುವರಿಸೋಣವೆಂದರೆ ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಅಷ್ಟು ದೊಡ್ಡ ಹೂವು ಅರಳಿದ ದಿನ ನಾನು ಮನೆಯಲ್ಲಿರಲಿಲ್ಲ.