ಓಡಿ ಹೋಗದ ಹಳಿ

“ಎಂಥಾ ಕಟುಕ ನೋಡ್ರಿ ಅಂವ. ಹೆಂಡ್ತಿ ಹಡಿಯಾಕತ್ತಾಳ, ನಾಕು ದಿನ ರಜಾ ಕೊಟ್ರ ಹಳಿ ಎದ್ದು ಓಡಿ ಹೋಗ್ತಿತ್ತೇನು?” ಎನ್ನುತ್ತ ನಮ್ಮ ಫೋರ್‌ಮನ್ ಸಂಗಪ್ಪನವರು ಕಣ್ಣೊರೆಸಿಕೊಂಡರು.

ಕುವೈತ್‌ನಲ್ಲಿ ಬೇಸಿಗೆಯ ಮಧ್ಯಾಹ್ನ ಹೊರಗಿನ ಕೆಲಸಕ್ಕೆ ನಿಷೇಧವಿರುವುದರಿಂದ, ಅಲ್ಲಿನ ಮೀನಾ ಅಬ್ದುಲ್ಲಾ ಎಂಬ ಊರಿನಲ್ಲಿ ಪೈಪ್‌ಲೈನ್ ಹಾಕುವ ನಾವು ಶೆಡ್ಡಿನಲ್ಲಿ ಕುಳಿತು, ಅವರ ಮೊಬೈಲಿನಲ್ಲಿ ಹಿಂದಿಗೆ ಡಬ್ ಆದ ಅಮೆರಿಕದ ಧಾರಾವಾಹಿಯೊಂದನ್ನು ನೋಡುತ್ತಿದ್ದೆವು. ನಿರ್ಜನ ಬಯಲಿನಲ್ಲಿ ರೈಲು ಹಳಿ ಹಾಸುವ ಕೂಲಿಯೊಬ್ಬ ಹೆಂಡತಿಯ ಹೆರಿಗೆಗೆಂದು ರಜೆ ಕೇಳಿದ್ದ. ಕುದುರೆಯ ಮೇಲಿದ್ದ ಮೇಸ್ತ್ರಿ ಕೊಟ್ಟಿರಲಿಲ್ಲ.

ಇದೇ ತಕ್ಕ ಸಮಯವೆಂದು ವೆಲ್ಡರ್ ಈರಣ್ಣ ಮೆಲ್ಲಗೆ ಕೇಳಿದ: “ಅಣ್ಣಾ, ನನ್ನ ಹೆಂಡ್ತಿಗೂ ದಿನ ತುಂಬ್ಯಾವ. ಊರಿಗೆ ಹೋಗಿ ಬರ್ಲೇನು?”

“ಈ ಲೈನ್ ಖಲಾಸ್ ಆಗ್ಲಿ, ಆಮ್ಯಾಲ ನೋಡೂಣು.”

“ಯಾಕಣ್ಣಾ, ಪೈಪು ಎದ್ದು ಓಡಿ ಹೋಗ್ತೈತೇನು?”

ಸಂಗಪ್ಪನವರು ನನ್ನತ್ತ ಕೈ ತೋರಿಸಿ, “ಇಂಜಿನಿಯರ್ ಸಾಹೇಬ್ರನ್ನ ಕೇಳು” ಎಂದರು. ನಮ್ಮ ಮನೆತನದ ಮೊದಲ ಪದವೀಧರನಾದ ನಾನು, ಮಾತಿನಲ್ಲಿ ಎಲ್ಲಿಯೂ ತಪ್ಪಾಗಬಾರದೆಂದು ಯೋಚಿಸಿ, “ಪರಿಶೀಲಿಸೋಣ” ಎಂದೆ. ಅಷ್ಟರಲ್ಲಿ ಮೊಬೈಲಿನೊಳಗಿನ ಕೋಟುಧಾರಿ ಇಂಜಿನಿಯರ್ ಆ ಕೂಲಿಗೆ “ದೇಖೇಂಗೆ”, ಅಂದರೆ ನೋಡೋಣ, ಎಂದು ಹೇಳಿ ತನ್ನ ನಕ್ಷೆಯನ್ನು ಮಡಚಿಕೊಂಡ. ಈರಣ್ಣನೊಬ್ಬನನ್ನು ಬಿಟ್ಟು ಎಲ್ಲರೂ ನಕ್ಕರು.

ಸಂಗಪ್ಪನವರೂ ನಾನೂ ಅಂದೇ ರಜೆಗೆ ಒಪ್ಪಿಗೆ ಕೊಟ್ಟೆವು. ಈರಣ್ಣ ಆ ವಾರವೇ ಊರಿಗೆ ಹೋದ. ಧಾರಾವಾಹಿ ಇನ್ನೂ ಮುಗಿದಿಲ್ಲ. ಸಂಗಪ್ಪನವರು ಈಗಲೂ ಆ ಮೇಸ್ತ್ರಿಯನ್ನು ಬೈಯುತ್ತಾರೆ, ಆದರೆ ಬೈಯುವ ಮೊದಲು ಪಕ್ಕದಲ್ಲಿ ಯಾರು ಕುಳಿತಿದ್ದಾರೆಂದು ನೋಡಿಕೊಳ್ಳುತ್ತಾರೆ. ನಾನಂತೂ ಮೊಬೈಲಿನಲ್ಲಿ ಆ ನಕ್ಷೆ ಹಿಡಿದವನು ಬಂದಾಗಲೆಲ್ಲ ನೀರು ಕುಡಿಯಲು ಎದ್ದು ಹೋಗುತ್ತೇನೆ.