ಚಿಕ್ಕಮ್ಮಂದಿರ ಹಬ್ಬ

ಮೊನ್ನೆ ಬೆಳಿಗ್ಗೆ ಮೆಟುಚೆನ್ ಸ್ಟೇಷನ್ನಿನ ಬಳಿಯ ಬೇಕರಿಯಿಂದ ಜೇನು ಸೀದ ವಾಸನೆ ಬಂತು. ರೈಲು ಬಂದು ನಿಂತರೂ ನಾನು ಹತ್ತಲಿಲ್ಲ. ನನ್ನ ಲ್ಯಾಟಿನ್ ಟೀಚರ್ ಮಣ್ಣಿನ ಮಡಕೆಯಲ್ಲಿ ಸುಟ್ಟು ತಂದಿದ್ದ ಕೇಕಿನ ವಾಸನೆ ಅದು...

ಅಮ್ಮ ತೀರಿಕೊಂಡ ವರ್ಷ ನಾನು ಅಮೆರಿಕದ ಹಿಲ್ಸ್‌ಬರೋದಲ್ಲಿದ್ದ ಅವಳ ತಂಗಿಯ ಮನೆಗೆ ಬಂದೆ. ನನಗಾಗ ಹದಿಮೂರು. ಮದುವೆಯಾಗದ ಚಿಕ್ಕಮ್ಮ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತ ನನ್ನನ್ನು ಸಾಕಿದಳು. ಮೇ ತಿಂಗಳಲ್ಲಿ ಶಾಲೆಯವರು ತಾಯಂದಿರಿಗೆ ಬೆಳಗಿನ ತಿಂಡಿ ಏರ್ಪಡಿಸಿದರು. ನಾನು ಚಿಕ್ಕಮ್ಮನ ಹೆಸರು ಕೊಟ್ಟೆ. ತಾಯಂದಿರಿಗೆ ಮಾತ್ರ ಎಂದು ಅದನ್ನು ಹೊಡೆದುಹಾಕಿದರು.

ಟೀಚರ್ ಅರವತ್ತು ದಾಟಿದ ಕುಳ್ಳನೆಯ ಅಮೆರಿಕನ್ ಹೆಂಗಸು. ಸಿಟ್ಟು ಬಂದರೆ ಸೀಮೆಸುಣ್ಣ ಮುರಿಯುತ್ತಿದ್ದರು. ಅಂದು ಮೂರು ಮುರಿದರು. ಆಮೇಲೆ ವ್ಯಾಕರಣ ಬಿಟ್ಟು ಅರುಣೋದಯದ ದೇವತೆಯರ ಕಥೆ ಹೇಳಿದರು. ಗ್ರೀಕರ ಈಯೋಸ್ ಸತ್ತ ಮಗನಿಗಾಗಿ ಸುರಿಸುವ ಕಣ್ಣೀರೇ ಇಬ್ಬನಿಯಂತೆ. ರೋಮನ್ನರು ಅವಳನ್ನು ಅರೋರಾ ಎಂದರು. ರೋಮಿನಲ್ಲಿ ಇನ್ನೊಬ್ಬಳೂ ಇದ್ದಳು: ಮಾತೆರ್ ಮಾತೂತಾ, ಬೆಳಗಿನ ತಾಯಿ. ಜೂನ್ ತಿಂಗಳ ಅವಳ ಹಬ್ಬದಲ್ಲಿ ಹೆಂಗಸರು ಎತ್ತಿಕೊಂಡು ಹರಸುತ್ತಿದ್ದದ್ದು ಸ್ವಂತ ಮಕ್ಕಳನ್ನಲ್ಲ, ಅಕ್ಕತಂಗಿಯರ ಮಕ್ಕಳನ್ನು.

ಆ ಹಬ್ಬವನ್ನು ಶಾಲೆಯ ಮೈದಾನದಲ್ಲಿ ಮಾಡಲು ಪ್ರಿನ್ಸಿಪಾಲ್ ಒಪ್ಪಲಿಲ್ಲ. ಟೀಚರ್ ಗೇಟಿನ ಹೊರಗೆ, ಸೈಡ್‌ವಾಕ್ ಮೇಲೆಯೇ ಮೇಜು ಹಾಕಿ ಆ ಹಬ್ಬದ ಜೇನಿನ ಕೇಕ್ ಇಟ್ಟರು.

"ಇದೆಲ್ಲ ಯಾಕೆ ಬೇಕಿತ್ತೇ? ಅವರ ಜಾಬ್ ಹೋದ್ರೆ?" ಎಂದು ಗೊಣಗುತ್ತಲೇ ಚಿಕ್ಕಮ್ಮ ಡ್ರೈವ್ ಮಾಡಿದಳು. ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಅಜ್ಜಿ ಸಾಕಿದವಳೊಬ್ಬಳು, ಇಬ್ಬರು ಅಪ್ಪಂದಿರ ಮಗಳೊಬ್ಬಳು... ಹತ್ತು ಹನ್ನೆರಡು ಜನ ಸೇರಿದ್ದೆವು. ಚಿಕ್ಕಮ್ಮ ನನ್ನ ಸೊಂಟ ಹಿಡಿದು ನೆಲದಿಂದ ಅರ್ಧ ಅಡಿ ಎತ್ತಿದಳು.

"ಅಯ್ಯೋ, ಎಷ್ಟು ಭಾರ ಆಗಿದೀಯೇ!" ಎಂದಳು, ಆದರೆ ಬೇಗ ಇಳಿಸಲಿಲ್ಲ.

ಅಷ್ಟರಲ್ಲಿ ಪ್ರಿನ್ಸಿಪಾಲ್ ಬಂದು, ಇದನ್ನು ನಿಲ್ಲಿಸಿ ಎಂದರು. ಟೀಚರ್ ಕೇಕ್ ಕೊಯ್ಯುವುದನ್ನು ನಿಲ್ಲಿಸಲಿಲ್ಲ.

"ಮಾತೂತಾಳ ಗುಡಿಯಿಂದ ದಾಸಿಯರನ್ನು ಹೊಡೆದು ಓಡಿಸುತ್ತಿದ್ದರು. ಹಬ್ಬದ ಆ ಭಾಗವನ್ನು ನಾವು ಕೈಬಿಟ್ಟಿದ್ದೇವೆ. ಇಲ್ಲಿಂದ ಯಾರನ್ನೂ ಓಡಿಸುವುದಿಲ್ಲ. ನೀವೂ ತಿನ್ನಿ."

ಪ್ರಿನ್ಸಿಪಾಲ್ ತಿನ್ನಲಿಲ್ಲ. ಮರುವರ್ಷ ಮೇ ತಿಂಗಳ ತಿಂಡಿಗೆ ಮಕ್ಕಳನ್ನು ಸಾಕಿದವರನ್ನೆಲ್ಲ ಕರೆದರು. ಆದರೆ ಅಷ್ಟರಲ್ಲಿ ಲ್ಯಾಟಿನ್ ತರಗತಿಯನ್ನೇ ಮುಚ್ಚಿದ್ದರು. ಟೀಚರ್ ಊರು ಬಿಟ್ಟರು...

ಮೊನ್ನೆ ರೈಲು ಹತ್ತದೆ ಉಳಿದ ದಿನವೇ ಇಂಟರ್‌ನೆಟ್ಟಿನಲ್ಲಿ ಅವರ ಹೆಸರು ಹುಡುಕಿದೆ. ಅವರು ತೀರಿಕೊಂಡು ಎರಡು ವರ್ಷವಾಗಿದೆ. ಒಂದು ಪತ್ರವನ್ನೂ ಬರೆಯದ ನನ್ನ ಮೇಲೆ ನನಗೇ ಸಿಟ್ಟು ಬಂತು.

ಚಿಕ್ಕಮ್ಮನನ್ನು ತೋರಿಸಿ "ನಿಮ್ಮ ತಾಯಿಯಾ?" ಎಂದು ಜನ ಈಗಲೂ ಕೇಳುತ್ತಾರೆ. "ಅಲ್ಲ, ಚಿಕ್ಕಮ್ಮ" ಎನ್ನುತ್ತೇನೆ. "ತಾಯಿ ಇದ್ದ ಹಾಗೇ" ಎಂದು ಸೇರಿಸುವುದನ್ನು ಬಿಟ್ಟು ಬಹಳ ವರ್ಷವಾಯಿತು. ಇದನ್ನು ಟೀಚರ್‌ಗೆ ಹೇಳಬೇಕಿತ್ತು.