ಬುಧವಾರದ ಪುಕ್ಕಟೆ ಗಣಿತ

ಆ ಕೋರ್ಸಿಗೆ ಒಂದು ಪೆನ್ನಿಯೂ ಖರ್ಚಾಗಲಿಲ್ಲ. ಫೀ ಶಾಲೆ ಕಟ್ಟಿತು, ಪುಸ್ತಕ ಕಾಲೇಜು ಕೊಟ್ಟಿತು. ಆದರೂ ಗಿರಿಜಾ ಅದಕ್ಕೆ ತೆತ್ತ ಬೆಲೆ ನಾನು ಕಂಡ ಯಾವ ದುಬಾರಿ ಕೋರ್ಸಿಗಿಂತಲೂ ಹೆಚ್ಚು. ಅವಳ ಗಣಿತವೇ ಹೋಯಿತು. ಯಾಕೆಂದರೆ ಮಾತಾಡಬೇಕಾದವಳು ಅವಳು, ಮಾತಾಡಿದವರು ಬೇರೆಯವರು.

ಅದು 2003. ಲಂಡನ್ನಿನ ಅಂಚಿನ ಅಕ್ಸ್‌ಬ್ರಿಡ್ಜ್‌ನಲ್ಲಿ ಬೂಟು ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನನ್ನ ಟ್ಯೂಷನ್ ಸೆಂಟರ್ ನಡೆಯುತ್ತಿತ್ತು. ಹುಬ್ಬಳ್ಳಿಯಿಂದ ಬಂದ ಹೊಸದರಲ್ಲಿ ಒಂದು ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿದವಳು ನಾನು. ಇಲ್ಲಿನ ಶಿಕ್ಷಣದ ಒಳಹೊರಗು ಕಲಿತದ್ದು ಕೇಳಿ ಕೇಳಿ, ಬೈಸಿಕೊಂಡು. ಮಕ್ಕಳಿಗೆ ಪಾಠ ಹೇಳಲು ಮೇಷ್ಟರನ್ನು ಇಟ್ಟಿದ್ದೆ. ತಂದೆತಾಯಿಗೆ ದಾರಿ ಹೇಳುವ ಕೆಲಸ ನನ್ನದು. ಯಾವ ಕಚೇರಿಯಲ್ಲಿ ಯಾರನ್ನು ಹಿಡಿಯಬೇಕು, ಇಲ್ಲಿನ ನಗರಸಭೆಯಾದ ಕೌನ್ಸಿಲ್‌ನವರ "ಇಲ್ಲ" ಎಷ್ಟು ಸಲ ಕೇಳಿಸಿಕೊಂಡರೆ "ನೋಡೋಣ" ಆಗುತ್ತದೆ, ಇದೇ ನನ್ನ ಸರಕು.

ಆ ಸೆಪ್ಟೆಂಬರಿನಲ್ಲಿ ಮಲ್ಲಿಕಾರ್ಜುನ ಗೌಡರು ಮಗಳನ್ನು ಕರೆದುಕೊಂಡು ಬಂದರು. ವಿಜಯಪುರದ ಕಡೆಯವರು, ಏರ್‌ಪೋರ್ಟಿನ ಸರಕು ಗೋದಾಮಿನಲ್ಲಿ ಶಿಫ್ಟ್ ಕೆಲಸ. ಒಬ್ಬಳೇ ಮಗಳು ಗಿರಿಜಾ ಆಗಷ್ಟೇ ಸಿಕ್ಸ್ತ್ ಫಾರ್ಮ್ ಸೇರಿದ್ದಳು. ನಮ್ಮ ಪಿಯುಸಿ ಇದ್ದ ಹಾಗೆ. ಗಣಿತದಲ್ಲಿ ಚುರುಕಾದ ನಾಲ್ಕು ಮಕ್ಕಳನ್ನು ಶಾಲೆ ಆರಿಸಿತ್ತು. ಅವರು ಬುಧವಾರ ಮಧ್ಯಾಹ್ನ ಹತ್ತಿರದ ಕಾಲೇಜಿಗೆ ಹೋಗಿ ಡಿಗ್ರಿ ಮೊದಲ ವರ್ಷದ ಒಂದು ಪೇಪರ್ ಓದಬಹುದು.

ನಾನು ಮೂರು ಪ್ರಶ್ನೆ ಕೇಳಿದೆ. ಬುಧವಾರ ಶಾಲೆಯಲ್ಲಿ ತಪ್ಪುವ ಪಾಠಕ್ಕೆ ಏನು ಗತಿ? ಬಿಡಬೇಕೆನ್ನಿಸಿದರೆ ಕೊನೆಯ ದಿನ ಯಾವುದು? ಮಾರ್ಕ್ಸ್ ಎಲ್ಲಿ ದಾಖಲಾಗುತ್ತದೆ?

ಗೌಡರು ನಕ್ಕರು. "ಅಕ್ಕಾರ, ದಾನಕ್ಕ ಕೊಟ್ಟ ಎಮ್ಮಿ ಹಲ್ಲ ಹಿಡದು ನೋಡಬಾರದ್ರಿ."

"ಗೌಡ್ರ, ನಾ ದುರ್ಗದಬೈಲ್ ಸಂತ್ಯಾಗ ಬೆಳದಾಕಿ. ದಾನದ ಎಮ್ಮಿ ಕೆಚ್ಚಲಾನೂ ನೋಡೇ ಮನಿಗೆ ಹೊಡಕೊಂಡು ಬರತೇನಿ."

ಗಿರಿಜಾ ಕಿಸಕ್ಕೆಂದಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆಯೇನೋ. ಸೇರಬೇಕೆಂಬ ಆಸೆ ಅವಳದೇ ಆಗಿತ್ತು; ಕಣ್ಣಲ್ಲೇ ಕಾಣುತ್ತಿತ್ತು. ನನ್ನ ಪ್ರಶ್ನೆಗಳಿಗೆ ಉತ್ತರ ಸಿಗುವ ಮೊದಲೇ ಸೇರಿದಳು.

ನವೆಂಬರಿನಲ್ಲಿ ನಮ್ಮವರ ರಾಜ್ಯೋತ್ಸವದ ಕೂಟ. ಗೌಡರು ಮೈಕ್ ಹಿಡಿದು, ನಮ್ಮ ಹುಡುಗಿ ಹದಿನಾರಕ್ಕೇ ಕಾಲೇಜು ಮೆಟ್ಟಿಲು ಹತ್ತಿದಾಳ ಅಂದರು. ಗಿರಿಜಾಗೆ ಶಾಲು ಹೊದಿಸಿ ಹಾರ ಹಾಕಿದರು. ನಮ್ಮಲ್ಲಿ ಹತ್ತು ಜನರ ಎದುರು ಹಾರ ಬಿದ್ದ ಮೇಲೆ "ನನಗಿದು ಆಗುತ್ತಿಲ್ಲ" ಅನ್ನುವುದು ಸಣ್ಣ ಮಾತಲ್ಲ.

ಆಗುತ್ತಿರಲಿಲ್ಲ. ಡಿಗ್ರಿಯ ಗಣಿತ ಬೇರೆ ಜಾತಿಯದು. ಲೆಕ್ಕ ಮಾಡುವುದಲ್ಲ, ಸಾಧಿಸಿ ತೋರಿಸುವುದು. ಜನವರಿಯಲ್ಲಿ ಟ್ಯೂಷನ್ನಿಗೆ ಬಂದವಳು ಪುಸ್ತಕ ತೆರೆಯದೆ ಕೂತಿದ್ದಳು. ಯಾಕವ್ವ ಎಂದದ್ದಕ್ಕೆ, "ಐ ಡೋಂಟ್ ಅಂಡರ್‌ಸ್ಟ್ಯಾಂಡ್ ಎನಿಥಿಂಗ್, ಆಂಟಿ. ಡೋಂಟ್ ಟೆಲ್ ಪಪ್ಪಾ," ಅಂದಳು. ಬುಧವಾರ ತಪ್ಪಿದ ಭೌತಶಾಸ್ತ್ರವೂ ಹಿಂದೆ ಬಿದ್ದಿತ್ತು.

ಆದರೂ ನಾನು ತಂದೆಗೆ ಹೇಳಿದೆ. ಗೌಡರು ಬೈಯಲಿಲ್ಲ, ಅದನ್ನು ಹೇಳಲೇಬೇಕು. "ಆಕಿ ಜೀವಕ್ಕಿಂತ ಕಾಲೇಜು ದೊಡ್ಡದೇನ್ರಿ?" ಎಂದು ಮರುದಿನವೇ ರಜೆ ಹಾಕಿ ಶಾಲೆಗೆ ಹೋದರು. ಸಿಕ್ಸ್ತ್ ಫಾರ್ಮ್ ಮುಖ್ಯಸ್ಥೆಯ ಕೈಗೆ ಧಾರವಾಡ ಪೇಡೆಯ ಡಬ್ಬಿ ಕೊಟ್ಟು, ಮಗಳು ಇನ್ನು ಬುಧವಾರ ಹೋಗುವುದಿಲ್ಲ ಎಂದರು. ಆಕೆ ಆಗಲಿ ಎಂದಳು. ಕೈ ಕುಲುಕಿದರು. ಗೌಡರ ಪಾಲಿಗೆ ವ್ಯವಹಾರ ಮುಗಿಯಿತು: ಹಿರಿಯರ ಮಾತಾಯಿತು, ಸಿಹಿಯಾಯಿತು.

ಆದರೆ ಶಾಲೆಯೇ ಬೇರೆ, ಕಾಲೇಜೇ ಬೇರೆ. ಶಾಲೆಯಲ್ಲಿ ಅವಳು ಗೌಡರ ಮಗಳು. ಕಾಲೇಜಿನಲ್ಲಿ ಅವಳು ಬರೀ ಗಿರಿಜಾ, ಸ್ವತಂತ್ರ ವಿದ್ಯಾರ್ಥಿ. ಕೋರ್ಸ್ ಬಿಡುವುದಕ್ಕೆ ವಿಥ್‌ಡ್ರಾ ಆಗುವುದು ಅನ್ನುತ್ತಾರೆ. ಅದನ್ನು ಫೆಬ್ರವರಿ ಮುಗಿಯುವುದರೊಳಗೆ ಅವಳೇ ಕಾಲೇಜಿಗೆ ತಿಳಿಸಬೇಕಿತ್ತು. ಕಾಲೇಜಿನವರು ಅವಳ ಮೊಬೈಲಿಗೆ ಫೋನ್ ಮಾಡಿ ಕೇಳಿದರು ಕೂಡ. ಅವಳು ಬಂದು ತಂದೆಗೆ ಹೇಳಿದಳು. "ನಾ ಮಾತಾಡೇನಲ್ಲವಾ, ನೀ ಯಾಕ ಚಿಂತಿ ಮಾಡತಿ?" ಅಂದರು. ಅವಳು ಕಾಲೇಜಿಗೆ ತಿರುಗಿ ಫೋನ್ ಮಾಡಲಿಲ್ಲ.

ಬಿಡದ ಕೋರ್ಸಿನ ಪರೀಕ್ಷೆ ಜೂನ್‌ನಲ್ಲಿ ಬಂತು. ಹೋಗದವಳಿಗೆ ಸೊನ್ನೆ. ಫೇಲ್ ಎಂದು ದಾಖಲಾಯಿತು. ಇದು ನಮಗೆ ತಿಳಿದದ್ದು ಮುಂದಿನ ಅಕ್ಟೋಬರಿನಲ್ಲಿ, ಅವಳು ಡಿಗ್ರಿಗೆ ಅರ್ಜಿ ಹಾಕುವಾಗ. ಅವಳು ಆಸೆಪಟ್ಟ ಗಣಿತ ವಿಭಾಗಕ್ಕೆ ಎಲ್ಲ ಫಲಿತಾಂಶವನ್ನೂ ತೋರಿಸಬೇಕು. ಗಣಿತ ಓದಲು ಬಂದವಳ ಹೆಸರಿನ ಮುಂದೆ ಗಣಿತದಲ್ಲೇ ಸೊನ್ನೆ.

ನಾನು ಕಾಲೇಜಿಗೆ ಫೋನ್ ಮಾಡಿದೆ. ನಿಮ್ಮ ಹತ್ತಿರ ಅವಳ ವಿಷಯ ಮಾತಾಡುವಂತಿಲ್ಲ ಎಂದರು. ಗೌಡರು ಮಾಡಿದರು, ತಂದೆಯ ಹತ್ತಿರವೂ ಇಲ್ಲ ಎಂದರು. ನಾನು ಬಿಡಲಿಲ್ಲ. ವಾರಗಟ್ಟಲೆ ಕಾಡಿ ಒಂದು ಭೇಟಿ ಗಿಟ್ಟಿಸಿದೆ. ವಿದ್ಯಾರ್ಥಿ ಖುದ್ದು ಬಂದು, ಯಾಕೆ ತಿಳಿಸಲಿಲ್ಲ ಎಂದು ಹೇಳಿ ಒಪ್ಪಿಸಿದರೆ, ಫೇಲನ್ನು ವಿಥ್‌ಡ್ರಾ ಎಂದು ತಿದ್ದುವ ಅಧಿಕಾರ ಅವರಿಗಿತ್ತು. ಒಂದೇ ಭೇಟಿ, ಎರಡನೆಯದಿಲ್ಲ.

ಭೇಟಿಯ ದಿನ ಕಾಲೇಜಿನ ಕಚೇರಿಯಲ್ಲಿ ಮೇಜಿನ ಆಚೆ ಒಬ್ಬ ನಡುವಯಸ್ಸಿನ ಹೆಂಗಸು. ಒಳ್ಳೆಯವಳೇ. ಗೌಡರು ಸೂಟು ಹಾಕಿ ನಡುವೆ ಕೂತು ಪೇಡೆಯಿಂದ ಹಿಡಿದು ಎಲ್ಲ ಹೇಳಿದರು. ಆಕೆ ಕೇಳಿಸಿಕೊಂಡು, "ಇದನ್ನು ನಾನು ಗಿರಿಜಾಳಿಂದ ಕೇಳಬೇಕು," ಎಂದಳು.

"ಶಿ ಈಸ್ ಶೈ, ಮೇಡಂ. ಐ ವಿಲ್ ಟೆಲ್."

ನಾನು ಐದು ನಿಮಿಷಕ್ಕೆ ಚೌಕಾಸಿ ಮಾಡಿದೆ: ತಂದೆ ಹೊರಗಿರಲಿ, ನಾನೂ ಬಾಯಿ ಮುಚ್ಚುತ್ತೇನೆ. ಆಕೆ ಒಪ್ಪಿದಳು. ಗೌಡರು ಎದ್ದು, "ಅಂಜಬ್ಯಾಡವಾ," ಎಂದು ಮಗಳ ಭುಜ ತಟ್ಟಿ ಹೋದರು. ಬಾಗಿಲಿಗೆ ಉದ್ದಕ್ಕೆ ಗಾಜಿತ್ತು. ಅವರು ಅದರಾಚೆಗೇ ನಿಂತು, ಹೇಳು ಹೇಳು ಎಂದು ತಲೆಯಾಡಿಸುತ್ತಿದ್ದರು. ಪ್ರೀತಿಯಿಂದಲೇ.

"ನೀನು ಯಾಕೆ ನಮಗೆ ತಿಳಿಸಲಿಲ್ಲ?" ಆಕೆ ಮೆಲ್ಲಗೆ ಕೇಳಿದಳು.

ಹೇಳಬೇಕಾದದ್ದು ಒಂದೇ ಮಾತು: ತಂದೆ ಮುಗಿಸಿದ್ದಾರೆಂದು ನಾನು ನಂಬಿದ್ದೆ. ಆದರೆ ಅದನ್ನು ಹೇಳಿದರೆ ತಂದೆಯ ತಪ್ಪನ್ನು ಹೊರಗಿನವರ ಮುಂದೆ ಎತ್ತಿ ಆಡಿದ ಹಾಗೆ. ಹಾಗೆ ಆಡಬಾರದೆಂದೇ ನಾವು ನಮ್ಮ ಮಕ್ಕಳನ್ನು ಬೆಳೆಸುತ್ತೇವೆ. ಗಿರಿಜಾ ಗಾಜಿನ ಕಡೆ ನೋಡಿದಳು, ಆಮೇಲೆ ತನ್ನ ಕೈ ನೋಡಿಕೊಂಡಳು.

"ಇಟ್ ವಾಸ್ ಮೈ ಮಿಸ್ಟೇಕ್," ಎಂದಳು.

"ಬೇರೆ ಏನಾದರೂ?"

"ನೋ."

ಆಕೆ ಕಾದಳು. ನಾನು ನಾಲಿಗೆ ಕಚ್ಚಿ ಹಿಡಿದಿದ್ದೆ; ಮಾತು ಕೊಟ್ಟಿದ್ದೆನಲ್ಲ. ಮುಂದಿನ ವಾರ ಉತ್ತರ ಬಂತು. ಕಾರಣ ಸಾಲದು, ಫೇಲ್ ಹಾಗೇ ಇರುತ್ತದೆ.

ಆ ಗಣಿತ ವಿಭಾಗ ಕರೆಯಲಿಲ್ಲ. ಬೇರೊಂದು ಕರೆಯಿತು, ಅವಳು ಹೋಗಲೇ ಇಲ್ಲ. ಸಿಕ್ಸ್ತ್ ಫಾರ್ಮಿನ ಕೊನೆಯ ಎ-ಲೆವೆಲ್ ಪರೀಕ್ಷೆ ಹೇಗೋ ಮುಗಿಸಿ ಒಂದು ಕನ್ನಡಕದ ಅಂಗಡಿಯ ಕೌಂಟರ್ ಸೇರಿದಳು. 2008ರಲ್ಲಿ ಲಂಡನ್ನಿನದೇ ಟೂಟಿಂಗ್‌ನ ದಕ್ಷಿಣ ಭಾರತೀಯ ಹೋಟೆಲೊಂದರಲ್ಲಿ ತಂದೆ ಮಗಳು ನನಗೆ ಸಿಕ್ಕರು. ಅವಳಿಗಾಗಲೇ ಇಪ್ಪತ್ತೊಂದು. ವೇಟರ್ ಬಂದು ಅವಳ ಮುಖ ನೋಡಿ, "ನಿಮಗೇನು?" ಎಂದ. "ಆಕಿಗೆ ಸೆಟ್ ದೋಸಿ," ಎಂದರು ಗೌಡರು. ಬಂತು. ಅವಳು ತಿಂದಳು. ಅವಳಿಗೆ ಏನು ಬೇಕಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಿಮ್ಮ ಮಗುವನ್ನೂ ಶಾಲೆಯಲ್ಲಿರುವಾಗಲೇ ಕಾಲೇಜಿಗೆ ಕರೆದರೆ, ಹಿಗ್ಗಿ, ತಪ್ಪಲ್ಲ. ಆದರೆ ಬಿಡುವ ಕೊನೆಯ ದಿನ ಯಾವುದೆಂದು ಸೇರುವ ದಿನವೇ ಕೇಳಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮಗುವಿನ ಕೈಯಲ್ಲೇ ಗುರುತು ಹಾಕಿಸಿ. ಆ ಮಾರ್ಕ್ಸ್ ಅಳಿಸಿಹೋಗುವಂಥದ್ದಲ್ಲ ಎಂದು ತಿಳಿದಿರಿ. ಮೊದಲ ಅರ್ಧ ವರ್ಷ ಮುಗಿಯುವವರೆಗೆ ನೆಂಟರಿಗೆ ಹೇಳಬೇಡಿ, ಹಾರವಂತೂ ಬೇಡವೇ ಬೇಡ. ಕಾಲೇಜಿನಲ್ಲಿ ನಿಮ್ಮ ಮಾತಿಗೆ ಕಿಮ್ಮತ್ತಿಲ್ಲ; ನಿಮ್ಮ ವಶೀಲಿ, ಸಿಹಿ, ಸೂಟು ಯಾವುದೂ ನಡೆಯುವುದಿಲ್ಲ. ಅಲ್ಲಿ ನಡೆಯುವ ನಾಣ್ಯ ಮಗುವಿನ ಬಾಯಿ ಒಂದೇ, ಅದನ್ನು ಮನೆಯಲ್ಲೇ ಚಲಾವಣೆಗೆ ತನ್ನಿ. ಊಟಕ್ಕೆ ಕೂತಾಗ "ಅಪ್ಪಾ, ನೀವು ಮಾಡಿದ್ದು ತಪ್ಪು" ಎಂದು ಮಗು ಅಂದರೆ, ಕಷ್ಟವಾದರೂ, ತುತ್ತು ನುಂಗಿಕೊಂಡು ಪೂರ್ತಿ ಕೇಳಿಸಿಕೊಳ್ಳಿ.